ಬರೀ ಜೋಳ ಅಂತೀರಲ್ಲ!

ಆತ್ಮೀಯ ಕನ್ನಡ ಬಂಧುಗಳೇ, ನಮಸ್ಕಾರ.

ಊರಿನಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಬಿಟ್ಟರೆ ಅಮೆರಿಕದ ಇಲಿನಾಯ್ ರಾಜ್ಯದ ನಮ್ಮ ಮೆಕ್ಲೇನ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಹೊಲಗಳನ್ನು ಕಣ್ಣುಬಿಟ್ಟು ನೋಡುವವರು ನಮ್ಮಲ್ಲಿ ಕಡಿಮೆ. ಚಿಕಾಗೊ ವಿಮಾನ ನಿಲ್ದಾಣದಿಂದ ಐ-55 ಹೆದ್ದಾರಿ ಹಿಡಿದು ಬರುವಾಗ ನಮಗೆ ಮನೆ ಸೇರಿದರೆ ಸಾಕು. ಹಿಂದಿನ ಸೀಟಿನಲ್ಲಿ ಕೂತ ಮಾವನವರು ಮಾತ್ರ ಕಿಟಕಿಗೆ ಮುಖ ಹಚ್ಚಿ ಕೇಳುತ್ತಾರೆ: "ಇದೆಲ್ಲ ಯಾರ ಜಮೀನಪ್ಪ? ಒಂದು ಬದು ಕಾಣಲ್ವಲ್ಲ! ನೀರು ಎಲ್ಲಿಂದ ಬಿಡ್ತಾರೆ?" ನಮ್ಮ ಉತ್ತರ ಒಂದೇ: "ಇಲ್ಲಿ ಬರೀ ಜೋಳ ಮಾವ, ಇನ್ನೇನೂ ಇಲ್ಲ."

ಮಾವನವರ ಪ್ರಶ್ನೆಗಳು ಚೆನ್ನಾಗಿವೆ. ಉತ್ತರ ಹೇಳಬೇಕಾದವರು ನಾವು.

ಇಲಿನಾಯ್ ರಾಜ್ಯದ 102 ಕೌಂಟಿಗಳಲ್ಲಿ ನಮ್ಮದೇ ದೊಡ್ಡದು, 1,180 ಚದರ ಮೈಲಿಗೂ ಜಾಸ್ತಿ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 1.71 ಲಕ್ಷ. ಅದರಲ್ಲಿ ಮುಕ್ಕಾಲು ಪಾಲು ಬ್ಲೂಮಿಂಗ್ಟನ್-ನಾರ್ಮಲ್ ಅವಳಿ ಊರಿನಲ್ಲೇ ಇದೆ. ಹೊರಗೆ ಕಾಲಿಟ್ಟರೆ ಹೊಲ. ನಡುನಡುವೆ ಲೆಕ್ಸಿಂಗ್ಟನ್, ಷೆನೋವಾ, ಲೀರಾಯ್, ಕೋಲ್‌ಫ್ಯಾಕ್ಸ್ ಥರದ ಪುಟ್ಟ ಊರುಗಳು. ಚರ್ಚಿನ ಗೋಪುರಕ್ಕಿಂತ ಮೊದಲು ಕಾಣುವುದು ಕಾಳು ತುಂಬಿಡುವ ಎತ್ತರದ ಗೋದಾಮು, ಇಲ್ಲಿಯವರ ಮಾತಿನಲ್ಲಿ ಎಲಿವೇಟರ್. ಒಂದು ವರ್ಷ ಮುಸುಕಿನ ಜೋಳ, ಮರುವರ್ಷ ಸೋಯಾ. ಒಳ್ಳೆಯ ವರ್ಷದಲ್ಲಿ ಎಕರೆಗೆ 200 ಬುಷೆಲ್ ಜೋಳ ಇಲ್ಲಿ ದೊಡ್ಡ ಮಾತಲ್ಲ. ನಮ್ಮ ಲೆಕ್ಕದಲ್ಲಿ ಅದು 50 ಕ್ವಿಂಟಾಲ್. ದಾವಣಗೆರೆ, ಹಾವೇರಿ ಕಡೆಯ ರೈತರಿಗೆ ಹೇಳಿ ನೋಡಿ, ನಂಬುವುದಿಲ್ಲ. ಅದೂ ಬರೀ ಮಳೆ ನೀರಿನಲ್ಲಿ.

ಇನ್ನು ನೀರು. ಇಲ್ಲಿನ ರೈತರಿಗೆ ನೀರು ತರುವುದು ಕಷ್ಟವಾಗಿರಲಿಲ್ಲ. ನೀರನ್ನು ಓಡಿಸುವುದೇ ಕಷ್ಟವಾಗಿತ್ತು. ಇನ್ನೂರು ವರ್ಷದ ಹಿಂದೆ ಇದು ಆಳೆತ್ತರದ ಹುಲ್ಲಿನ ಬಯಲು. ತಗ್ಗು ಜಾಗದಲ್ಲೆಲ್ಲ ಬೇಸಿಗೆ ಬರುವವರೆಗೂ ನೀರು ನಿಲ್ಲುತ್ತಿತ್ತು. ಸೊಳ್ಳೆ, ಮಲೇರಿಯಾ ಜ್ವರ ಬೇರೆ. ಹಾಗಾಗಿ ಮೊದಲು ಬಂದ ವಲಸಿಗರು ಬಯಲು ಬಿಟ್ಟು ಮರದ ತೋಪುಗಳ ಅಂಚಿನಲ್ಲಿ ಮನೆ ಕಟ್ಟಿಕೊಂಡರು. ನಾವು ಮೇಪಲ್ ಪಾಕ ಕೊಳ್ಳಲು ಹೋಗುವ ಫಂಕ್ಸ್ ಗ್ರೋವ್ ಅಂಥದೇ ಒಂದು ತೋಪು. ಇಲ್ಲಿನ ಜಿಗುಟು ಮಣ್ಣು ಕಬ್ಬಿಣದ ನೇಗಿಲಿಗೆ ಮೆತ್ತಿಕೊಂಡು ಬಿಡುತ್ತಲೇ ಇರಲಿಲ್ಲ. 1837ರಲ್ಲಿ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಊರಿನಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಉಕ್ಕಿನ ನೇಗಿಲು ಮಾಡಿದ. ಹುಲ್ಲಿನ ಬೇರು ಹರಿಯಿತು, ನೀರು ಮಾತ್ರ ಹಾಗೇ ಉಳಿಯಿತು.

ಅದಕ್ಕೆ ಉಪಾಯ, ಸುಟ್ಟ ಮಣ್ಣಿನ ಕೊಳವೆ. ಮೂರು-ನಾಲ್ಕು ಅಡಿ ಆಳಕ್ಕೆ ಕಾಲುವೆ ತೋಡಿ, ಕೊಳವೆಯ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಮುಚ್ಚುವುದು. ಸಂದಿಯಿಂದ ಒಳಗಿಳಿದ ನೀರು ಹಳ್ಳ ಸೇರುತ್ತದೆ. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲದ ಮೇಲೆ ಹೋಗಬೇಕಲ್ಲ, ಜಗಳ ಬರದೇ ಇರುತ್ತದಾ? 1879ರಲ್ಲಿ ರಾಜ್ಯ ಇದಕ್ಕೇ ಕಾನೂನು ಮಾಡಿತು. ರೈತರು ಸೇರಿ ಬಸಿಗಾಲುವೆಯ ಸಂಘಗಳನ್ನು (ಡ್ರೈನೇಜ್ ಡಿಸ್ಟ್ರಿಕ್ಟ್) ಕಟ್ಟಿಕೊಂಡು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ನಮ್ಮ ಕಡೆ ನೀರು ಬಳಕೆದಾರರ ಸಂಘಗಳು ಇರುವುದು ನೀರು ಹಂಚಿಕೊಳ್ಳಲು, ಇಲ್ಲಿಯ ಸಂಘಗಳು ಹುಟ್ಟಿದ್ದು ನೀರನ್ನು ಸಾಗಹಾಕಲು! ಈಗ ಮಣ್ಣಿನ ಕೊಳವೆಯ ಜಾಗಕ್ಕೆ ಪ್ಲಾಸ್ಟಿಕ್ ಪೈಪ್ ಬಂದಿದೆ, ಕೆಲಸ ಅದೇ.

ಆ ಕೊಳವೆಯಿಂದ ನೀರಿನ ಜೊತೆ ಗೊಬ್ಬರದ ನೈಟ್ರೇಟೂ ಹೊರಟುಬಿಡುತ್ತದೆ. ಮನಿ ಕ್ರೀಕ್ ಎಂಬ ಹಳ್ಳದಿಂದ ಬ್ಲೂಮಿಂಗ್ಟನ್ ಕೆರೆಗೆ, ಅಲ್ಲಿಂದ ನಮ್ಮ ನಲ್ಲಿಗೆ. ನಾರ್ಮಲ್‌ನವರು ಕುಡಿಯುವುದು ಬಾವಿ ನೀರು, ಆರಾಮ. ಬ್ಲೂಮಿಂಗ್ಟನ್‌ನವರ ನೀರಿನ ಇಲಾಖೆ ಮಾತ್ರ ಪ್ರತಿ ವಸಂತದಲ್ಲೂ ನೈಟ್ರೇಟ್ ಮಟ್ಟದ ಮೇಲೆ ಕಣ್ಣಿಟ್ಟಿರಬೇಕು. ಉಳಿದದ್ದು ಮ್ಯಾಕಿನಾ ನದಿ, ಇಲಿನಾಯ್ ನದಿ, ಮಿಸಿಸಿಪ್ಪಿ ದಾಟಿ ಮೆಕ್ಸಿಕೊ ಕೊಲ್ಲಿ ಸೇರುತ್ತದೆ. ಅದರಿಂದಾಗಿ ಅಲ್ಲಿ ಪ್ರತಿ ಬೇಸಿಗೆಯಲ್ಲಿ ಆಮ್ಲಜನಕವಿಲ್ಲದೆ ಮೀನು ಬದುಕದ ದೊಡ್ಡ ಪ್ರದೇಶವೇ ಆಗುತ್ತದೆ. ಅದರಲ್ಲಿ ನಮ್ಮ ಕೌಂಟಿಯ ಪಾಲೂ ಇದೆ.

ಮಣ್ಣು ಕಪ್ಪು. ಬೀದರ್, ಧಾರವಾಡದ ಕಡೆಯವರು ನೋಡಿದ ಕೂಡಲೇ "ನಮ್ಮ ಎರೆ ಹೊಲ ಇದ್ದಂಗೆ ಐತಿ" ಅನ್ನುತ್ತಾರೆ. ಬಣ್ಣ ಒಂದೇ, ಕಾರಣ ಬೇರೆ. ನಮ್ಮ ಎರೆ ಮಣ್ಣು ಹೆಚ್ಚಾಗಿ ಕಲ್ಲು ಕರಗಿ ಆದದ್ದು, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಇಲ್ಲಿಯದು ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಸೇರಿದ ಕಪ್ಪು. ಆ ಹುಲ್ಲು ಈಗ ಎಲ್ಲಿ? ಇಲಿನಾಯ್‌ಗೆ ಹುಲ್ಲುಗಾವಲಿನ ರಾಜ್ಯ ಎಂದೇ ಅಡ್ಡಹೆಸರು. ಆದರೆ ಒಂದು ಕಾಲದಲ್ಲಿ ಸುಮಾರು 2.2 ಕೋಟಿ ಎಕರೆ ಇದ್ದ ಹುಲ್ಲುಗಾವಲಿನಲ್ಲಿ ಮೂಲ ರೂಪದಲ್ಲಿ ಚೆನ್ನಾಗಿ ಉಳಿದಿರುವುದು ಬರೀ 2,500 ಎಕರೆಯಷ್ಟು. ನಮ್ಮ ಕೌಂಟಿಯಲ್ಲಿ ಒಂದು ಚೂರು ನೋಡಬೇಕೆಂದರೆ ಷೆನೋವಾದಿಂದ ಪೂರ್ವಕ್ಕೆ ವೆಸ್ಟನ್ ಸ್ಮಶಾನಕ್ಕೆ ಹೋಗಬೇಕು. ಐದು ಎಕರೆ. ಗೋರಿಗಳಿದ್ದ ಕಾರಣ ಅಲ್ಲಿ ಯಾರೂ ನೇಗಿಲು ಹೂಡಲಿಲ್ಲ, ಹುಲ್ಲು ಬದುಕಿಕೊಂಡಿತು.

ಜನರೂ ಹಾಗೇ ಖಾಲಿಯಾದರು. ಲೀರಾಯ್ ಹತ್ತಿರ ಕಿಕಪೂ ಎಂಬ ಮೂಲನಿವಾಸಿ ಜನರ ದೊಡ್ಡ ಹಳ್ಳಿಯೇ ಇತ್ತು. 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಲ್ಲಿ ಅವರು ಈ ನೆಲ ಬಿಟ್ಟುಕೊಡಬೇಕಾಯಿತು. 1830ರಲ್ಲಿ ಕೌಂಟಿ ಹುಟ್ಟಿತು. "ಯಾರ ಜಮೀನಪ್ಪ?" ಎಂದು ಮಾವ ಕೇಳಿದಾಗ ಮೊದಲು ಬರಬೇಕಾದ ಹೆಸರು ಕಿಕಪೂ. ಈಗಿನ ಮಾಲೀಕರ ಕಥೆಯೂ ಸರಳವಿಲ್ಲ. ಉಳುವವನದೇ ಹೊಲ ಎಂದುಕೊಳ್ಳಬೇಡಿ. ಎಷ್ಟೋ ಹೊಲಗಳ ಒಡೆಯರು ಊರು ಬಿಟ್ಟು ಹೋದ ಮಕ್ಕಳು, ಮೊಮ್ಮಕ್ಕಳು. ಇಲ್ಲಿರುವ ರೈತ ಗುತ್ತಿಗೆಗೆ ಹಿಡಿದು ಬೆಳೆಯುತ್ತಾನೆ. ಈಚಿನ ವರ್ಷಗಳಲ್ಲಿ ಒಳ್ಳೆಯ ಹೊಲದ ಬೆಲೆ ಎಕರೆಗೆ 15,000 ಡಾಲರ್ ದಾಟಿದೆ. ಹೊಸಬರು ಕೊಳ್ಳುವುದಾದರೂ ಹೇಗೆ?

ಬದು ಯಾಕಿಲ್ಲ ಅಂದರೆ, ಬೇಕಾಗಿರಲಿಲ್ಲ. 1785ರ ಭೂ ಕಾನೂನಿನ ಪ್ರಕಾರ ನೆಲವನ್ನು ಒಂದು ಚದರ ಮೈಲಿಯ, ಅಂದರೆ 640 ಎಕರೆಯ ಚೌಕಗಳಾಗಿ ಕತ್ತರಿಸಿ ಮಾರಿದರು. ರಸ್ತೆಗಳು ನೇರ ಇರುವುದೂ ಅದಕ್ಕೇ.

ಇಷ್ಟೆಲ್ಲ ನಮಗ್ಯಾಕೆ ಅನ್ನಬೇಡಿ. ನಮ್ಮಲ್ಲಿ ಬಹಳ ಮಂದಿ ಈ ಊರಿಗೆ ಬಂದದ್ದು ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ಕಂಪ್ಯೂಟರ್ ಕೆಲಸಕ್ಕೆ ತಾನೇ? ಹೆಸರಿನಲ್ಲೇ ಹೊಲ ಇದೆ. 1922ರಲ್ಲಿ ಅದನ್ನು ಶುರುಮಾಡಿದ ಜಾರ್ಜ್ ಮೆಹರ್ಲ್ ಈ ಕೌಂಟಿಯ ರೈತ. ಹಳ್ಳಿಯವರು ಕಾರು ಓಡಿಸುವುದು ಕಡಿಮೆ, ಗುದ್ದುವುದೂ ಕಡಿಮೆ, ಪೇಟೆಯವರಷ್ಟೇ ವಿಮೆ ಯಾಕೆ ಕಟ್ಟಬೇಕು ಎನ್ನುವುದು ಅವರ ತಕರಾರು. ಆ ತಕರಾರು ಬೆಳೆದು ಬೆಂಗಳೂರಿನ ಎಂಜಿನಿಯರುಗಳನ್ನು ಇಲ್ಲಿಗೆ ಕರೆಸಿತು.

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಇಂಥ ಮಣ್ಣಿನಲ್ಲಿ ಬೆಳೆದ ಜೋಳವನ್ನು ಕಿತ್ತು ಸುಟ್ಟು ತಿನ್ನೋಣ ಅಂದರೆ ಆಗುವುದಿಲ್ಲ. ಅದು ದನದ ಮೇವಿಗೆ, ಪಾಕಕ್ಕೆ, ಎಥೆನಾಲಿಗೆ. ಅಮೆರಿಕದ ಜೋಳದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಾರಿನ ಟ್ಯಾಂಕಿಗೇ ಹೋಗುತ್ತದೆ. ರೈತನಿಗೆ ಬೆಲೆ ಸಿಗುತ್ತದೆ, ಒಪ್ಪುತ್ತೇನೆ. ಆದರೂ ಹೊಟ್ಟೆ ಉರಿಯುತ್ತದೆ. 2025ರ ಮೇ 16ರಂದು ನಮ್ಮ ಕಡೆಯ ಹೊಲಗಳ ಧೂಳೆದ್ದು ಚಿಕಾಗೊವರೆಗೆ ಹೋಯಿತು, ನೆನಪಿದೆಯಲ್ಲ? ಬಿತ್ತನೆಗೆ ಮೊದಲು ಮಣ್ಣಿನ ಮೈಮೇಲೆ ಏನೂ ಇಲ್ಲದಿದ್ದರೆ ಗಾಳಿ ಬಿಡುತ್ತದೆಯೇ? ಚಳಿಗಾಲದಲ್ಲಿ ರೈ ಧಾನ್ಯದ ಥರದ ಹೊದಿಕೆ ಬೆಳೆ ಹಾಕುವ ರೈತರು ಇಲ್ಲಿದ್ದಾರೆ. ಅವರ ಸಂಖ್ಯೆ ಹೆಚ್ಚಲಿ.

ಈಗ ಕಟಾವು ಶುರು. ರಾಜ್ಯೋತ್ಸವದ ತಾಲೀಮಿಗೆ ಹಳ್ಳಿ ರಸ್ತೆಯಲ್ಲಿ ಬರುವವರು ಸ್ವಲ್ಪ ಹುಷಾರು. ಮೂಲೆಯಲ್ಲಿ ಜೋಳ ಇನ್ನೂ ನಿಂತಿದ್ದರೆ ಅಡ್ಡ ಬರುವ ಗಾಡಿ ಕಾಣುವುದಿಲ್ಲ. ಹಿಂದೆ ಕಿತ್ತಳೆ ಬಣ್ಣದ ತ್ರಿಕೋನ ಇರುವ ಕಂಬೈನ್ (ಕಟಾವು ಯಂತ್ರ) ಮುಂದೆ ಸಿಕ್ಕರೆ ಹಾರ್ನ್ ಹೊಡೆಯಬೇಡಿ, ಅವರೇ ಜಾಗ ಬಿಡುತ್ತಾರೆ. ಮುಂದಿನ ಸಂಚಿಕೆಗೆ ಒಕ್ಕಲುತನದ ಮನೆಯಿಂದ ಬಂದವರು ಯಾರಾದರೂ ಇಲ್ಲಿಯ ಹೊಲ ನೋಡಿ ಬರೆದುಕೊಡಿ. ಊರಿಂದ ಬಂದಿರುವ ಮಾವನವರು ಬರೆದರೆ ಇನ್ನೂ ಒಳ್ಳೆಯದು, ಟೈಪ್ ಮಾಡುವ ಕೆಲಸ ನನಗಿರಲಿ.

– ಸಂಪಾದಕ