ಎಲೆ ಉದುರಿದ ಮುತ್ತಲ ಒಣಗಿದ ಗಿಡವಲ್ಲ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದೇನೆ. ಮನೆ ಎದುರಿನ ಉದ್ಯಾನದ ಮೂಲೆಯಲ್ಲಿ ಒಂದು ಮುತ್ತಲ (ಮುತ್ತುಗ) ಗಿಡವಿತ್ತು. ಬಡಾವಣೆ ಆಗುವ ಮುಂಚೆ ಅದು ಹೊಲದ ಬದುವಿನ ಗಿಡ. ಈ ಜನವರಿಯಲ್ಲಿ ಕೆಲಸದವರು ಬಂದು, ‘ಒಣಗಿದೆ, ಯಾರ ಮೇಲಾದರೂ ಬಿದ್ದೀತು’ ಎಂದು ಬುಡಕ್ಕೆ ಗರಗಸ ಹಚ್ಚಿದರು. ಒಲೆ ಆರಿಸಿ ಓಡುವಷ್ಟರಲ್ಲಿ ಅರ್ಧ ಕೊಯ್ದಾಗಿತ್ತು. ಬಿದ್ದ ಟೊಂಗೆ ಎತ್ತಿ ನೋಡಿದೆ. ತುದಿಯಲ್ಲೆಲ್ಲ ಮಖಮಲ್ಲಿನಂಥ ಕಂದುಗಪ್ಪು ಮೊಗ್ಗು. ತೊಗಟೆ ಕೆರೆದರೆ ಒಳಗೆ ಹಸಿರು. ಕೊಯ್ದ ಜಾಗದಲ್ಲಿ ಕೆಂಪು ಅಂಟು ಒಸರುತ್ತಿತ್ತು. ಇನ್ನು ಮೂರು ವಾರ ಬಿಟ್ಟಿದ್ದರೆ ಗಿಡ ತುಂಬ ಹೂವು.

ನಾನು ಹುಟ್ಟಿದ್ದು ಚಿಂಚೋಳಿ ಕಡೆಯ ಹಳ್ಳಿಯಲ್ಲಿ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಕಾಡಿನ ಅಂಚಿಗೆ. ನಮ್ಮವ್ವ ಮುತ್ತಲ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚಿಯೇ ನಮ್ಮನ್ನು ಸಾಕಿದಳು. ಹೋಳಿ ಹುಣ್ಣಿಮೆಗೆ ಒಣ ಹೂವು ಕುದಿಸಿ ಚಿಟಿಕೆ ಸುಣ್ಣ ಹಾಕುತ್ತಿದ್ದಳು. ಹಳದಿ ನೀರು ಕೇಸರಿಗೆ ತಿರುಗುವುದನ್ನು ನೋಡಲು ನಾವು ಹಂಡೆಯ ಸುತ್ತ ನಿಂತಿರುತ್ತಿದ್ದೆವು.

ಈ ಗಿಡ ಚಳಿಗಾಲದಲ್ಲಿ ಎಲೆ ಕಳಚುತ್ತದೆ. ಆಮೇಲೆ ಶಿವರಾತ್ರಿಯಿಂದ ಶರಣಬಸವೇಶ್ವರರ ಜಾತ್ರೆಯವರೆಗೂ ಬರಿ ಟೊಂಗೆಯ ಮೇಲೆ ಕೆಂಡದಂತೆ ಹೂವು. ಅದೇ ಹೊತ್ತಿಗೆ ನಮ್ಮ ಕಡೆ ಹಳ್ಳ ಬತ್ತಿರುತ್ತವೆ, ಉಳಿದ ಗಿಡಗಳಲ್ಲಿ ತಿನ್ನಲು ಹೆಚ್ಚೇನೂ ಇರುವುದಿಲ್ಲ. ನಮ್ಮ ಉದ್ಯಾನದ ಗಿಡಕ್ಕೆ ಬೆಳಗಿನ ಮೊದಲ ರೊಟ್ಟಿ ಹಂಚಿನ ಮೇಲೆ ಬೀಳುವ ಮುಂಚೆಯೇ ಗೊರವಂಕ, ಪಿಕಳಾರ, ಕಾಜಾಣ ಎಲ್ಲ ಬಂದು ಗದ್ದಲ ಹಚ್ಚುತ್ತಿದ್ದವು. ಅಳಿಲಂತೂ ತಲೆಕೆಳಗಾಗಿ ಜೋತು ಹೂವು ಹೀರುತ್ತಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೆಬ್ಬೆಟ್ಟಿನಷ್ಟು ದೊಡ್ಡದಾದ ನೀಲಿ ಸೂರಕ್ಕಿ. ಮುತ್ತಲ ಹೂವಿನ ಒಂದು ದಳ ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ, ಕೇಸರವೆಲ್ಲ ಅದರೊಳಗೆ. ಸೂರಕ್ಕಿ ಮಕರಂದಕ್ಕೆಂದು ಕೊಕ್ಕು ತೂರಿಸಿದಾಗ ದಳ ಜಗ್ಗಿ ಕೇಸರ ಹೊರಬಂದು ಅದರ ಗಂಟಲಿಗೆ ಪರಾಗ ಬಳಿಯುತ್ತದೆ. ಅದನ್ನು ಹೊತ್ತು ಮುಂದಿನ ಹೂವಿಗೆ ಹೋಗುತ್ತದೆ. ವಾಸನೆಯೇ ಇಲ್ಲದ ಹೂವಿಗೆ ಹಕ್ಕಿಗಳನ್ನು ಕರೆಯಲು ಆ ಬಣ್ಣ ಸಾಕು.

ಮುತ್ತಲ ದ್ವಿದಳ ಜಾತಿಯದು, ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕ ಕೊಡುತ್ತದೆ. ನೀರು ನಿಲ್ಲುವ ಎರೆ ನೆಲದಲ್ಲೂ, ಸವಳಿನಲ್ಲೂ ಬದುಕುತ್ತದೆ. ಇಂಥದ್ದನ್ನು ಕಡಿದ ಜಾಗದಲ್ಲಿ ಈಗ ಕೊನೊಕಾರ್ಪಸ್ ಎಂಬ ಹೊರದೇಶದ ಗಿಡದ ಸಸಿ ಸಾಲಾಗಿ ನಿಂತಿವೆ. ಅವುಗಳ ಮೇಲೆ ಒಂದು ಸೂರಕ್ಕಿ ಕೂತದ್ದನ್ನು ನಾನು ಇನ್ನೂ ಕಂಡಿಲ್ಲ.

ಎಲೆ ಇಲ್ಲದ ಗಿಡ ಕಡಿಯುವ ಮುಂಚೆ ದಯವಿಟ್ಟು ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಬಿಟ್ಟುಬಿಡಿ. ಮಳೆಗಾಲದ ಸಸಿ ನೆಡುವ ಕೆಲಸದಲ್ಲಿ ಮುತ್ತಲಕ್ಕೂ ಜಾಗ ಕೊಡಿ. ಇದು ನಿಧಾನಕ್ಕೆ ಬೆಳೆಯುತ್ತದೆ, ನಿಜ. ಬೇರು ಆಳಕ್ಕೆ ಇಳಿಯುವುದರಿಂದ ಚೀಲದ ಸಸಿಗಿಂತ ಬೀಜವನ್ನೇ ನೆಲಕ್ಕೆ ಹಾಕುವುದು ಒಳ್ಳೆಯದು. ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ ಇರುತ್ತದೆ, ಹೊಸದಿದ್ದಾಗಲೇ ಬಿತ್ತಬೇಕು. ಊರಿಂದ ತಂದ ಕಾಯಿ ಒಂದು ಬುಟ್ಟಿ ನನ್ನಲ್ಲಿದೆ, ಕೇಳಿದವರಿಗೆ ಕೊಡುತ್ತೇನೆ.

ಇನ್ನೊಂದು ಮಾತು. ಕಡಿದ ಬೊಡ್ಡೆಯಿಂದ ಮಿರಗದ (ಮೃಗಶಿರ) ಮಳೆಗೆ ನಾಲ್ಕು ಚಿಗುರು ಎದ್ದಿವೆ. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ. ಉದ್ಯಾನಕ್ಕೆ ಟೈಲ್ಸ್ ಹಾಕುವ ಮಾತು ನಡೆದಿದೆ ಎಂದು ಕೇಳಿದೆ. ಸಂಬಂಧಪಟ್ಟವರು ಆ ಬೊಡ್ಡೆ ಕೀಳಿಸಬಾರದು, ಸುತ್ತ ಎರಡು ಮೊಳ ಮಣ್ಣು ಬಿಡಬೇಕು ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ರೊಟ್ಟಿ ಮಾರುವ ಓದುಗಿ, ಸೇಡಂ ರಸ್ತೆ, ಕಲಬುರಗಿ