ಜೂನ್ 1ರಿಂದ ಗಾಡಿ ನೋಡದೆ ಸ್ಪೋರ್ಟ್ಸ್ ಕಾರಿನ ಟೈರ್ ಕೊಡುವುದಿಲ್ಲ

ಉದ್ಯಮಬಾಗ, ಬೆಳಗಾವಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಇಷ್ಟು ದಿನ ನೀವು ಫೋನ್ ಮಾಡಿ ಟೈರಿನ ಸೈಜ್ ಹೇಳುತ್ತಿದ್ದಿರಿ, ನಾವು ರೇಟ್ ಹೇಳುತ್ತಿದ್ದೆವು, ಒಪ್ಪಿಗೆಯಾದರೆ ತರಿಸಿ ಇಡುತ್ತಿದ್ದೆವು. ಸಾದಾ ಕಾರುಗಳಿಗೆ ಈ ಪದ್ಧತಿ ಹಾಗೆಯೇ ಇರುತ್ತದೆ. ಸ್ಪೋರ್ಟ್ಸ್ ಕಾರುಗಳಿಗೆ ಮಾತ್ರ ಜೂನ್ 1ರಿಂದ ಬದಲಾಗುತ್ತದೆ. ಗಾಡಿಯನ್ನು ಲಿಫ್ಟಿಗೆ ಏರಿಸಿ, ಹಳೆಯ ನಾಲ್ಕೂ ಟೈರ್ ನೋಡಿ, ನೀವು ಯಾವ ರಸ್ತೆಯಲ್ಲಿ ಹೇಗೆ ಓಡಿಸುತ್ತೀರಿ ಎಂದು ಕೇಳಿದ ಮೇಲೆಯೇ ರೇಟ್ ಬರೆದು ಕೊಡುತ್ತೇವೆ. ತಪಾಸಣೆಗೆ ದುಡ್ಡಿಲ್ಲ. ನಮ್ಮಲ್ಲಿ ನೋಡಿಸಿ ಬೇರೆ ಕಡೆ ಕೊಂಡರೂ ನಮಗೆ ಬೇಸರವಿಲ್ಲ.

ಲಿಫ್ಟ್ ಯಾಕೆ ಬೇಕು? ಸ್ಪೋರ್ಟ್ಸ್ ಕಾರಿನ ಗಾಲಿಗಳು ಮೇಲ್ಭಾಗದಲ್ಲಿ ಸ್ವಲ್ಪ ಒಳಕ್ಕೆ ವಾಲಿರುತ್ತವೆ. ತಿರುವಿನಲ್ಲಿ ಹಿಡಿತ ಸಿಗಲಿ ಎಂದು ಕಂಪನಿಯವರೇ ಹಾಗೆ ಇಟ್ಟಿರುತ್ತಾರೆ. ಇದರಿಂದ ಟೈರಿನ ಒಳಅಂಚು ಮೊದಲು ಸವೆಯುತ್ತದೆ. ಗಾಡಿಯ ಪಕ್ಕ ನಿಂತು ನೋಡಿದರೆ ಹೊರಗಿನ ಅಂಚು ಹೊಸದರಂತೆ ಕಾಣುತ್ತದೆ, ಒಳಗೆ ತಂತಿ ಕಾಣಿಸುವಷ್ಟು ಸವೆದಿರಬಹುದು. ಟೈರಿನ ಗ್ರೂವ್‌ಗಳ, ಅಂದರೆ ನೀರು ಹೋಗುವ ಗೀರುಗಳ, ತಳದಲ್ಲಿ ಇರುವ ಸಣ್ಣ ದಿಬ್ಬಗಳು 1.6 ಮಿಲಿಮೀಟರ್ ಗುರುತು. ರಬ್ಬರ್ ಅದರ ಮಟ್ಟಕ್ಕೆ ಬಂದರೆ ಟೈರ್ ಮುಗಿದಂತೆ, ಕಾನೂನೂ ಅದನ್ನೇ ಹೇಳುತ್ತದೆ. ಆದರೆ ಮಳೆಗಾಲಕ್ಕೆ ಗ್ರೂವ್ ಆಳ 3 ಮಿಲಿಮೀಟರ್ ಉಳಿದಿರುವಾಗಲೇ ಬದಲಿಸಿ ಎನ್ನುವುದು ನಮ್ಮ ಸಲಹೆ. ಸವೆತ ಇನ್ನೂ ಬಹಳಷ್ಟು ಹೇಳುತ್ತದೆ: ನಡುವೆ ಸವೆದಿದ್ದರೆ ಹವಾ ಹೆಚ್ಚಾಗಿದೆ, ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆಯಾಗಿದೆ, ಕೈ ಆಡಿಸಿದಾಗ ಒಂದು ಕಡೆಗೆ ಗರಗಸದ ಹಲ್ಲಿನಂತೆ ತಾಕಿದರೆ ಅಲೈನ್‌ಮೆಂಟ್ (ಗಾಲಿಗಳು ನಿಂತಿರುವ ದಿಕ್ಕು) ತಪ್ಪಿದೆ. ಆ ಕಾರಣ ಸರಿಪಡಿಸದೆ ದುಬಾರಿ ಟೈರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ನಿಮ್ಮ ದುಡ್ಡು ಹಾಗೆ ಹೋಗುವುದು ನಮಗೆ ಬೇಡ.

ಎರಡನೆಯದು ರಸ್ತೆ. ನಮ್ಮ ಗ್ರಾಹಕರಲ್ಲಿ ಬಹಳ ಜನ ಶನಿವಾರ ಬೆಳಗ್ಗೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರು. ಮಲಪ್ರಭೆ ಹುಟ್ಟುವ ಆ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದೇ ಅಪರೂಪ. ಅಂಥ ರಸ್ತೆಗೆ ಟ್ರೆಡ್‌ವೇರ್ (ಸವೆತ ತಾಳುವ ಶಕ್ತಿಗೆ ಟೈರಿನ ಮೇಲೆ ಬರೆದಿರುವ ಅಂಕಿ) 200 ಅಥವಾ ಅದಕ್ಕಿಂತ ಕಡಿಮೆ ಇರುವ, ರೇಸ್ ಟ್ರ್ಯಾಕಿಗೆಂದು ಮಾಡಿದ ಟೈರ್ ಕೇಳಿಕೊಂಡು ಬರುತ್ತಾರೆ. ಅದರ ರಬ್ಬರ್ ಮೆತ್ತಗೆ, ಗ್ರೂವ್ ಕಡಿಮೆ. ಕಾದ ಮೇಲೆ, ಒಣ ರಸ್ತೆಯಲ್ಲಿ ಅದರ ಹಿಡಿತಕ್ಕೆ ಸಾಟಿಯಿಲ್ಲ. ನಿಂತ ನೀರಿನಲ್ಲಿ ಮಾತ್ರ ನೀರನ್ನು ಹೊರಹಾಕಲಾಗದೆ ತೇಲಿಬಿಡುತ್ತದೆ, ಆಗ ಸ್ಟೀರಿಂಗೂ ಬ್ರೇಕೂ ಮಾತು ಕೇಳುವುದಿಲ್ಲ. ವರ್ಷದಲ್ಲಿ ಒಂದೆರಡು ಸಲವಷ್ಟೇ ಟ್ರ್ಯಾಕಿಗೆ ಹೋಗುವವರಿಗೆ, ನೀರು ಹೊರಹಾಕುವ ಅಗಲ ಗ್ರೂವ್‌ಗಳಿರುವ, 300ರ ಆಸುಪಾಸಿನ ಟೈರೇ ಸರಿ ಎಂದು ಖಂಡಿತವಾಗಿ ಹೇಳುತ್ತೇವೆ. ಈ ಟ್ರೆಡ್‌ವೇರ್ ಅಂಕಿಯನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುವುದರಿಂದ ಒಂದು ಕಂಪನಿಯ 300ನ್ನು ಇನ್ನೊಂದರ 300ಕ್ಕೆ ಸರಿಸಮ ಎನ್ನುವಂತಿಲ್ಲ. ಪಕ್ಕದಲ್ಲೇ ಇರುವ ಟ್ರಾಕ್ಷನ್ ಎಎ, ಎ ಎಂಬ ಗುರುತು ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಾಕಿದಾಗಿನ ಹಿಡಿತದ್ದು. ತಿರುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಘಾಟಿನಲ್ಲಿ ನಮಗೆ ಬೇಕಾದದ್ದು ತಿರುವಿನದೇ.

‘ಆಲ್ ಸೀಸನ್’, ಅಂದರೆ ಚಳಿಗೂ ಬೇಸಿಗೆಗೂ ಆಗುವ ಟೈರ್ ಬೇಕೇ ಎಂದೂ ಕೇಳುತ್ತಾರೆ. ಬೇಡ. ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗುವುದು ಸುಮಾರು 7 ಡಿಗ್ರಿಗಿಂತ ಕೆಳಗೆ. ನಮ್ಮ ಬೆಳಗಾವಿಯ ಚಳಿಗೆ ಅದರ ಚಿಂತೆ ಬೇಕಿಲ್ಲ.

ಸೈಜಿನ ವಿಷಯ. 225/45 ಆರ್ 17 ಎಂದರೆ ಅಗಲ 225 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 45, ರಿಮ್ 17 ಇಂಚು. 225/45 ಆರ್ 17 ಇರುವ ಕಡೆ 225/40 ಆರ್ 18 ಹಾಕಿದರೆ ಒಟ್ಟು ವ್ಯಾಸ ಸುಮಾರು 3 ಮಿಲಿಮೀಟರ್ ಮಾತ್ರ ಹೆಚ್ಚುತ್ತದೆ, ಸ್ಪೀಡೋಮೀಟರಿಗೆ ತೊಂದರೆಯಿಲ್ಲ. ಆದರೆ ಟೈರಿನ ಗೋಡೆ 101 ಮಿಲಿಮೀಟರಿನಿಂದ 90ಕ್ಕೆ ಇಳಿಯುತ್ತದೆ. ಮಳೆ ನಿಂತ ಮೇಲೆ ನಮ್ಮ ಭಾಗದ ರಸ್ತೆಗಳ ತಗ್ಗು, ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್‌ಗಳು ಬಿಟ್ಟುಹೋಗುವ ಮಣ್ಣಿನ ಹೆಂಟೆ ನೆನಪಿಸಿಕೊಳ್ಳಿ. ಆ 11 ಮಿಲಿಮೀಟರ್ ಇಲ್ಲದೆ ಗೋಡೆ ಉಬ್ಬಿಕೊಂಡ ಟೈರ್‌ಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಉಬ್ಬಿದ್ದಕ್ಕೆ ರಿಪೇರಿ ಇಲ್ಲ, ಒಳಗಿನ ದಾರ ಹರಿದಿರುತ್ತದೆ. ಅಂಥದ್ದನ್ನು ನಾವು ಮತ್ತೆ ಹಾಕಿಕೊಡುವುದಿಲ್ಲ.

ಸೈಜಿನ ಪಕ್ಕದ ಅಂಕಿಯನ್ನೂ ಅಕ್ಷರವನ್ನೂ ನೋಡುತ್ತೇವೆ. 94 ಎಂದರೆ ಒಂದು ಟೈರ್ 670 ಕೆಜಿ ಹೊರುತ್ತದೆ, 91 ಎಂದರೆ 615. ಡಬ್ಲ್ಯೂ ಎಂದರೆ ತಾಸಿಗೆ 270 ಕಿಲೋಮೀಟರ್ ವೇಗಕ್ಕೆ ಪಾಸಾದದ್ದು. ಅಷ್ಟು ಓಡಿಸಿ ಎಂದಲ್ಲ, ಆದರೆ ಕಾರಿನ ಕಂಪನಿ ಹೇಳಿದ್ದಕ್ಕಿಂತ ಕೆಳಗಿನದನ್ನು ಅಗ್ಗಕ್ಕೆ ಸಿಕ್ಕಿತೆಂದು ಹಾಕುವುದಿಲ್ಲ. ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಯಲ್ಲಿ ಬರೆದಿರುತ್ತಾರೆ: 2324 ಎಂದರೆ 2024ರ 23ನೇ ವಾರ. ಟೈರ್ ಹಾಕುವ ಮೊದಲು ಅದನ್ನು ನಿಮಗೆ ತೋರಿಸಿ ಬಿಲ್ಲಿನಲ್ಲಿ ಬರೆಯುತ್ತೇವೆ.

ಎರಡೇ ಟೈರ್ ಬೇಕೆಂದರೆ ಹೊಸ ಜೋಡಿ ಹಿಂದಿನ ಗಾಲಿಗಳಿಗೇ ಹೋಗುತ್ತದೆ. ಒದ್ದೆಯಲ್ಲಿ ಹಿಂಭಾಗ ಮೊದಲು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿಯುವುದು ಬಲ್ಲವರಿಗೂ ಕಷ್ಟ. ಮುಂದೆ ಒಂದು ಅಳತೆ, ಹಿಂದೆ ಅಗಲದ್ದು ಇರುವ ಕಾರುಗಳಲ್ಲಿ ಹೀಗೆ ಹಿಂದೆ ಮುಂದೆ ಮಾಡಲು ಬರುವುದಿಲ್ಲ, ಅವನ್ನು ಬೇರೆಯಾಗಿಯೇ ನೋಡುತ್ತೇವೆ.

ಹೊಸ ಟೈರ್ ಹಾಕಿಸಿದ ಮೊದಲ 300 ಕಿಲೋಮೀಟರ್ ಮೆತ್ತಗೆ ಓಡಿಸಿ. ಅಚ್ಚಿನಿಂದ ಬಂದ ಜಾರು ಲೇಪ ಅಷ್ಟರಲ್ಲಿ ಹೋಗುತ್ತದೆ. ಆಮೇಲೆ ಒಮ್ಮೆ ಬನ್ನಿ, ಸವೆತವನ್ನೂ ಹವಾವನ್ನೂ ಮತ್ತೆ ನೋಡುತ್ತೇವೆ. ಈ ಎರಡನೇ ತಪಾಸಣೆಯೂ ಉಚಿತ.

ಸಾಧ್ಯವಾದರೆ ಹಿಂದಿನ ಸಂಜೆಯೇ ಗಾಡಿ ನಮ್ಮಲ್ಲಿ ಬಿಡಿ. ಓಡಿಸಿ ತಂದ ಗಾಡಿಯ ಟೈರ್ ಬಿಸಿಯಿರುತ್ತದೆ, ಹವಾ ಸರಿಯಾಗಿ ತಿಳಿಯುವುದಿಲ್ಲ. ಕಾರಿನ ಪುಸ್ತಕವೂ ಜೊತೆಗಿರಲಿ. ಮೇ 31ರ ಒಳಗೆ ಮುಂಗಡ ಕೊಟ್ಟವರ ಟೈರ್ ಹಳೆಯ ರೇಟಿಗೇ ಸಿಗುತ್ತದೆ. ಹಾಕುವ ಮೊದಲು ಅವರ ಗಾಡಿಯನ್ನೂ ಲಿಫ್ಟಿಗೆ ಏರಿಸಿ ನೋಡುತ್ತೇವೆ.

ನಿಮ್ಮ ವಿಶ್ವಾಸಿಗಳು,
ಅಂಗಡಿಯ ಎಲ್ಲರ ಪರವಾಗಿ