ಎಣ್ಣೆ ಹಡಗಿಗೆ ಹೊರಟ ಮಗಳಿಗೆ

ಕಾರವಾರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪೆಯಾಗಿತ್ತು. “ಯುದ್ಧನೌಕೆ ಸಿಗುತ್ತೆ ಅಂದ್ಕೊಂಡಿದ್ದೆ ಅಪ್ಪಾ, ಎಣ್ಣೆ ಹಡಗಿಗೆ ಹಾಕಿದ್ದಾರೆ” ಅಂದೆ. ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಇಪ್ಪತ್ತೆರಡು ವರ್ಷ ನಾನು ಎಣ್ಣೆ ಹಡಗುಗಳ ಎಂಜಿನ್ ರೂಮಿನಲ್ಲೇ ಬೆವರು ಸುರಿಸಿದವನು. ನಮ್ಮವು ಬಾಡಿಗೆಗೆ ಓಡುವ ಹಡಗುಗಳು, ನೌಕಾಪಡೆಯವಲ್ಲ. ಆದರೂ ನಿನ್ನ ಮಾತು ಮನಸ್ಸಿಗೆ ತಾಗಿತು. ಅದಕ್ಕೇ ಒಂದು ಹಡಗಿನ ವಿಷಯ ಬರೀತಿದ್ದೀನಿ, ಪೂರ್ತಿ ಓದು.

ಅದರ ಹೆಸರು ನಿಯೋಶೋ. ಅಮೆರಿಕದ ನೌಕಾಪಡೆಯ ಎಣ್ಣೆ ಹಡಗು. ಅಲ್ಲಿ ಎಣ್ಣೆ ಹಡಗುಗಳಿಗೆ ನದಿಗಳ ಹೆಸರಿಡುತ್ತಿದ್ದರು. ನಿಯೋಶೋ ಅಂದರೆ ಕಾನ್ಸಸ್‌ನಲ್ಲಿ ಹರಿಯುವ ಒಂದು ನದಿ. 1939ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. 553 ಅಡಿ ಉದ್ದ, 18 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್. ಯುದ್ಧನೌಕೆಗಳ ಪಕ್ಕದಲ್ಲಿ ಓಡುತ್ತಲೇ ಹೋಸ್ ಹಾಕಿ ಎಣ್ಣೆ ಕೊಡಬೇಕು ಅಂದರೆ ಅಷ್ಟು ವೇಗ ಬೇಕೇ ಬೇಕಲ್ವಾ.

1941ರ ಡಿಸೆಂಬರ್ 7ರ ಬೆಳಿಗ್ಗೆ ಅದು ಹವಾಯಿಯಲ್ಲಿರುವ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರಿನಲ್ಲಿತ್ತು. ದೊಡ್ಡ ದೊಡ್ಡ ಯುದ್ಧನೌಕೆಗಳ ಸಾಲಿನ ಮಧ್ಯೆ, ಫೋರ್ಡ್ ದ್ವೀಪದ ದಕ್ಕೆಗೆ ಕಟ್ಟಿದ್ದರು. ವಿಮಾನಗಳ ಪೆಟ್ರೋಲ್ ಆಗಷ್ಟೇ ಇಳಿಸಿ ಮುಗಿದಿತ್ತು. ಜಪಾನಿನ ವಿಮಾನಗಳು ಮೇಲೆರಗಿದವು. ಪೆಟ್ರೋಲ್ ಖಾಲಿಯಾಗಿದ್ದರೆ ಭಯವಿಲ್ಲ ಅಂದ್ಕೋಬೇಡ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನೊಳಗೆ ನಿಂತ ಆವಿಗೇ ನಾವು ಜಾಸ್ತಿ ಹೆದರೋದು. ಒಂದು ಬಾಂಬ್ ಬಿದ್ದಿದ್ದರೆ ಅಕ್ಕಪಕ್ಕದ ಹಡಗುಗಳ ಗತಿ ಏನು? ಕ್ಯಾಪ್ಟನ್ ಜಾನ್ ಫಿಲಿಪ್ಸ್ ಹಗ್ಗ ಬಿಡಿಸಿ, ಎಳೆಯೋ ಟಗ್ ಕೂಡ ಇಲ್ಲದೆ, ಗುಂಡಿನ ಮಳೆಯ ನಡುವೆಯೇ ಹಡಗನ್ನು ಆ ಸಾಲಿನಿಂದ ಹೊರಗೆ, ಬಂದರಿನ ಸುರಕ್ಷಿತ ಜಾಗಕ್ಕೆ ತಂದರು. ಅವರಿಗೆ ನೇವಿ ಕ್ರಾಸ್ ಪದಕ ಬಂತು.

ಆಮೇಲೆ ಐದು ತಿಂಗಳು ಅದೇ ಕೆಲಸ. ಹೋಗು, ಎಣ್ಣೆ ಕೊಡು, ತುಂಬಿಸಿಕೊಂಡು ಬಾ. ಪೆಸಿಫಿಕ್‌ನಂಥ ಸಾಗರದಲ್ಲಿ ಎಣ್ಣೆ ಹಡಗು ಜೊತೆಗಿಲ್ಲದಿದ್ದರೆ ವಿಮಾನವಾಹಕ ನೌಕೆ ಕೂಡ ನಡುನೀರಿನಲ್ಲಿ ನಿಂತುಬಿಡುತ್ತೆ.

1942ರ ಮೇ 6ರಂದು ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರದಲ್ಲಿ ಯಾರ್ಕ್‌ಟೌನ್ ಅನ್ನೋ ವಿಮಾನವಾಹಕಕ್ಕೂ ಆಸ್ಟೋರಿಯಾ ಅನ್ನೋ ಕ್ರೂಸರ್ ಯುದ್ಧನೌಕೆಗೂ ಎಣ್ಣೆ ಕೊಟ್ಟು, ಸಿಮ್ಸ್ ಅನ್ನೋ ಒಂದೇ ಡೆಸ್ಟ್ರಾಯರ್, ಅಂದರೆ ಕಾವಲಿನ ಚಿಕ್ಕ ಯುದ್ಧನೌಕೆಯ ಜೊತೆ ನಿಯೋಶೋ ದಕ್ಷಿಣಕ್ಕೆ ಸರಿಯಿತು. ಮರುದಿನ ಬೆಳಿಗ್ಗೆ ಜಪಾನಿನ ಪತ್ತೆ ವಿಮಾನ ಇವೆರಡನ್ನೂ ಕಂಡು, ಒಂದು ವಿಮಾನವಾಹಕ, ಒಂದು ಕ್ರೂಸರ್ ಅಂತ ಸುದ್ದಿ ಕಳಿಸಿತು. 78 ವಿಮಾನಗಳು ಹಾರಿ ಬಂದವು. ಒಂದು ಎಣ್ಣೆ ಹಡಗಿಗಾಗಿ!

ಸಿಮ್ಸ್ ಮುಳುಗಿತು. ಬದುಕಿದವರು ಬೆರಳೆಣಿಕೆಯಷ್ಟು. ನಿಯೋಶೋ ಮೇಲೆ ಏಳು ಬಾಂಬ್ ಬಿದ್ದವು, ಒಂದು ವಿಮಾನವೇ ಬಂದು ಡಿಕ್ಕಿ ಹೊಡೆಯಿತು. ಅಷ್ಟೊಂದು ವಿಮಾನಗಳು ಇವೆರಡರ ಹಿಂದೆ ಬಿದ್ದಿದ್ದ ಅದೇ ಬೆಳಿಗ್ಗೆ ಅಮೆರಿಕದ ವಿಮಾನಗಳು ಜಪಾನಿನ ಶೋಹೋ ಅನ್ನೋ ವಿಮಾನವಾಹಕವನ್ನು ಮುಳುಗಿಸಿದವು. ಅಮೆರಿಕದ ವಿಮಾನವಾಹಕಗಳಿಗೆ ಆ ದಿನ ಪೆಟ್ಟು ಬೀಳಲಿಲ್ಲ. ಅವುಗಳಲ್ಲಿ ಒಂದಾದ ಲೆಕ್ಸಿಂಗ್ಟನ್ ಮರುದಿನದ ಕಾದಾಟದಲ್ಲಿ ಹೋಯಿತು, ಅದು ಬೇರೆ ಮಾತು.

ನನ್ನ ಬಲಗೈ ಮಣಿಕಟ್ಟಿನ ಕಲೆ ನೆನಪಿದೆಯಾ? ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಿಟ್ಟು “ಇದೇನಪ್ಪಾ?” ಅಂತ ಕೇಳ್ತಿದ್ದೆ. ಬಾಯ್ಲರಿನ ಒಂದು ವಾಲ್ವ್ ಗ್ಲ್ಯಾಂಡಿನಿಂದ, ಅಂದರೆ ವಾಲ್ವಿನ ಕತ್ತಿನ ಸೀಲಿನಿಂದ, ಹಬೆ ಸೋರುತ್ತಿತ್ತು. ವೇಸ್ಟ್ ಬಟ್ಟೆ ಸುತ್ತಿಕೊಂಡು ಚಕ್ರ ತಿರುಗಿಸೋಕೆ ಹೋದೆ. ಹಬೆ ಕಣ್ಣಿಗೆ ಕಾಣಲ್ಲ ಮಗಳೇ, ಸುಟ್ಟ ಮೇಲೇ ಗೊತ್ತಾಗೋದು. ಕೈ ತಾನಾಗೇ ಹಿಂದೆ ಬಂತು. ಒಂದು ಸೆಕೆಂಡು ಅಷ್ಟೇ. ಎರಡನೇ ಸಲ ಆ ಚಕ್ರ ಮುಟ್ಟೋಕೆ ನನ್ನಿಂದ ಆಗಲಿಲ್ಲ. ಇನ್ನೊಬ್ಬರು ದೂರದ ಮೇನ್ ವಾಲ್ವ್ ಮುಚ್ಚಿದರು.

ನಿಯೋಶೋದಲ್ಲಿ ಆಸ್ಕರ್ ಪೀಟರ್ಸನ್ ಅಂತ ಒಬ್ಬರಿದ್ದರು. ಬಾಯ್ಲರ್ ನೋಡಿಕೊಳ್ಳುವವರ ಮುಖ್ಯಸ್ಥ. ರಿಪೇರಿ ತಂಡದ ಉಳಿದವರೆಲ್ಲ ಗಾಯಗೊಂಡು ಬಿದ್ದಿದ್ದರು. ಪೀಟರ್ಸನ್‌ಗೂ ಜೋರು ಪೆಟ್ಟಾಗಿತ್ತು. ಆದರೂ ಒಬ್ಬರೇ ಹೋಗಿ ಬಲ್ಕ್‌ಹೆಡ್ಡಿನ, ಅಂದರೆ ಹಡಗಿನೊಳಗಿನ ಅಡ್ಡಗೋಡೆಯ, ಸ್ಟಾಪ್ ವಾಲ್ವ್‌ಗಳನ್ನು ಮುಚ್ಚಿದರು. ಮುಚ್ಚುವಾಗ ಮತ್ತೆ ಸುಟ್ಟುಕೊಂಡರು. ಆ ಸುಟ್ಟಗಾಯಗಳಿಂದಲೇ ಮೇ 13ರಂದು ತೀರಿಕೊಂಡರು. ಅವರ ಬಗ್ಗೆ ಓದಿದಾಗಲೆಲ್ಲ ನನ್ನ ಕೈ ಆ ಕಲೆಯ ಮೇಲೆ ಹೋಗುತ್ತೆ. ಸ್ಟಾಪ್ ವಾಲ್ವ್ ಒಂದೇ ಸುತ್ತಿಗೆ ಮುಚ್ಚಲ್ಲ. ಅವರು ಆ ಬಿಸಿ ಚಕ್ರವನ್ನು ಎಷ್ಟು ಸಲ ಹಿಡಿದು ಹಿಡಿದು ತಿರುಗಿಸಿರಬೇಕು!

ಹಡಗು ವಾಲಿತು, ಆದರೆ ಮುಳುಗಲಿಲ್ಲ. ಎಣ್ಣೆ ಕೊಟ್ಟು ಖಾಲಿಯಾಗಿದ್ದ ಟ್ಯಾಂಕುಗಳು ಅದನ್ನು ತೇಲಿಸಿದವು. ಇದನ್ನು ಯೋಚಿಸಿದರೆ ನನಗೆ ಈಗಲೂ ಗಂಟಲು ಕಟ್ಟುತ್ತೆ. ಗಾಬರಿಯಲ್ಲಿ ತುಂಬಾ ಜನ ನೀರಿಗೆ ಹಾರಿದ್ದರು. 68 ಜನ ಒಂದಕ್ಕೊಂದು ಕಟ್ಟಿದ ತೆಪ್ಪಗಳಲ್ಲಿ ದೂರ ತೇಲಿಹೋದರು. ರೇಡಿಯೋದಲ್ಲಿ ಕಳಿಸಿದ ಜಾಗದ ಲೆಕ್ಕ ತಪ್ಪಾಗಿತ್ತು. ಹುಡುಕಲು ಹೋದವರಿಗೆ ಬರೀ ನೀರು ಕಂಡಿತು. ನಾಲ್ಕು ದಿನ ಆದ ಮೇಲೆ, ಮೇ 11ಕ್ಕೆ, ಹೆನ್ಲಿ ಡೆಸ್ಟ್ರಾಯರ್ ಬಂದು ಹಡಗಿನ ಮೇಲಿದ್ದ 123 ಜನರನ್ನು ಇಳಿಸಿಕೊಂಡು, ಮತ್ತೆ ದುಡಿಯಲಾಗದ ನಿಯೋಶೋವನ್ನು ತಾನೇ ಮುಳುಗಿಸಿತು. ತೆಪ್ಪದಲ್ಲಿ ಹೋದವರಲ್ಲಿ ಆಮೇಲೆ ಜೀವಂತ ಸಿಕ್ಕವರು ನಾಲ್ಕೇ ಜನ.

ಪೀಟರ್ಸನ್‌ಗೆ ತೀರಿಕೊಂಡ ಮೇಲೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ, ಮೆಡಲ್ ಆಫ್ ಆನರ್ ಕೊಟ್ಟರು. ಅವರ ಮಗನ ಕೈಗೆ ಸಮಾರಂಭ ಮಾಡಿ ಅದನ್ನು ಒಪ್ಪಿಸಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಆ ಮಗನೂ ಮುದುಕರಾಗಿದ್ದರು.

ನಿನ್ನಮ್ಮ ಒಣ ಸಿಗಡಿ ಚಟ್ನಿ ಡಬ್ಬಿಗೆ ಹಾಕಿಟ್ಟಿದ್ದಾಳೆ, ಹೊರಡೋ ಮೊದಲು ಒಂದು ದಿನ ಬಂದು ಹೋಗು. ಹಡಗು ಹತ್ತಿದ ಮೇಲೆ ಮೊದಲ ದಿನವೇ ಎಂಜಿನ್ ರೂಮಿಗೆ ಇಳಿ. ಸ್ಟಾಪ್ ವಾಲ್ವ್‌ಗಳು ಎಲ್ಲೆಲ್ಲಿವೆ ಅಂತ ನೋಡಿಕೋ. ಲೈಟ್ ಹೋದಾಗ ಕೈಯಲ್ಲಿ ತಡವಿಯೇ ಸಿಗಬೇಕು. ಪೂರ್ತಿ ಮುಚ್ಚೋಕೆ ಎಷ್ಟು ಸುತ್ತು ಬೇಕು ಅಂತ ಅಲ್ಲಿಯವರನ್ನು ಕೇಳಿ, ಹೇಳಬಹುದಾದರೆ ನನಗೂ ಬರಿ.

ನಿನ್ನ
ಅಪ್ಪ